ಹೊರಡುವವರು ಕಟ್ಟಿಕೊಟ್ಟ ಸೈನ್ಯ

ಒಂದು ಮನೆಯ ಕಾವಲನ್ನು ಇನ್ನೊಬ್ಬರ ವಶಕ್ಕೆ ಒಪ್ಪಿಸುವುದು ಸುಲಭವಾದ ಕೆಲಸವಲ್ಲವೆಂಬುದನ್ನು ಗೃಹಸ್ಥರಿಗೆ ಹೇಳಬೇಕಾದುದಿಲ್ಲ. ಬೀಗದ ಕೈಯನ್ನು ಕೊಟ್ಟ ಮಾತ್ರಕ್ಕೆ ಕಾವಲನ್ನು ಕೊಟ್ಟಂತಾಗುವುದಿಲ್ಲ. ಕಾಯುವವನಿಗೆ ಮನೆಯ ಮೂಲೆಮುಡುಕುಗಳು ತಿಳಿದಿರಬೇಕು. ಅವನ ಹೊಟ್ಟೆಬಟ್ಟೆಗೆ ಏರ್ಪಾಡಿರಬೇಕು. ಅಪರಾತ್ರಿಯಲ್ಲಿ ಕೂಗಿದರೆ ಓಗೊಡುವ ನೆರೆಹೊರೆಯಿರಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಈ ಮನೆಯು ತಾನು ಪ್ರಾಣ ಕೊಟ್ಟು ಕಾಯಲು ಯೋಗ್ಯವಾದುದೆಂಬ ಭಾವನೆ ಅವನಲ್ಲಿರಬೇಕು. ಒಂದು ಮನೆಯ ಮಾತೇ ಹೀಗಾದರೆ ಒಂದು ದೇಶದ ಮಾತೇನು? ಅದರಲ್ಲಿಯೂ, ಕಾವಲನ್ನು ಒಪ್ಪಿಸಿ ಹೊರಡುವವರು ಆ ಮನೆಯವರಾಗಿರದೆ ಸಾವಿರಾರು ಮೈಲಿಗಳ ದೂರದಿಂದ ಬಂದ ಪರಸ್ಥಳದವರಾಗಿದ್ದರೆ ಆ ಕೆಲಸವು ಎಷ್ಟು ಕಠಿನವಾಗಬಹುದು!

ಈ ಪ್ರಶ್ನೆಯನ್ನು ನಮ್ಮ ಕಾಲದಲ್ಲಿ ಆಫ್ಘಾನಿಸ್ಥಾನವು ಜಗತ್ತಿನ ಮುಂದೆ ಇರಿಸಿತು. ೨೦೨೧ ನೆಯ ಇಸವಿ ಆಗಸ್ಟ್ ತಿಂಗಳಿನಲ್ಲಿ ಕಾಬೂಲಿನ ವಿಮಾನನಿಲ್ದಾಣದಲ್ಲಿ ನೆರೆದ ಜನಸಂದಣಿಯ ಚಿತ್ರಗಳನ್ನು ನೋಡಿ ಮರುಗದವರು ವಿರಳ. ಕಾಗದದ ಮೇಲೆ ಸುಮಾರು ೩ ಲಕ್ಷ ಜನರಿದ್ದ ಒಂದು ಸೈನ್ಯವೂ ಪೊಲೀಸು ಪಡೆಯೂ ಕೆಲವೇ ದಿನಗಳಲ್ಲಿ ಕರಗಿಹೋದುವು. ಅವನ್ನು ಕಟ್ಟುವುದಕ್ಕೆ ಅಮೇರಿಕಾ ದೇಶವೊಂದೇ ಇಪ್ಪತ್ತು ವರ್ಷಗಳಲ್ಲಿ ಸುಮಾರು ೮,೮೦೦ ಕೋಟಿ ಡಾಲರುಗಳನ್ನು ವೆಚ್ಚಮಾಡಿದ್ದಿತು. ಇಷ್ಟು ಹಣ, ಇಷ್ಟು ಕಾಲ, ಇಷ್ಟು ಶಸ್ತ್ರಗಳೊಡನೆ ಕಟ್ಟಿದ ಕಟ್ಟಡವು ಕುಸಿದುದೇಕೆ? ಆಫ್ಘನ್ ಸಿಪಾಯಿಯು ಹೇಡಿಯಾಗಿದ್ದನೆಂದು ಕೆಲವರು ಆಗ ಹೇಳಿದರು. ಆ ಮಾತು ಎಷ್ಟರಮಟ್ಟಿಗೆ ನ್ಯಾಯವೆಂಬುದನ್ನು ವಾಚಕರು ಮುಂದಿನ ವೃತ್ತಾಂತವನ್ನು ಓದಿದ ಬಳಿಕ ತಾವೇ ನಿರ್ಣಯಿಸಬಹುದು.

೨೦೦೧ ನೆಯ ಅಕ್ಟೋಬರ್ ೭ ರಂದು ಅಮೇರಿಕನ್ನರು ಆಫ್ಘಾನಿಸ್ಥಾನದ ಮೇಲೆ ಯುದ್ಧಕ್ಕೆ ತೊಡಗಿದರು. ಡಿಸೆಂಬರಿನೊಳಗಾಗಿ ತಾಲಿಬಾನರ ಆಳ್ವಿಕೆ ಮುಗಿಯಿತು. ಜರ್ಮನಿಯ ಬಾನ್ ನಗರದಲ್ಲಿ ಆದ ಒಪ್ಪಂದದಂತೆ ಹಮೀದ್ ಕರ್ಜಾಯಿಯವರ ಮುಂದಾಳುತನದಲ್ಲಿ ಹೊಸ ಸರ್ಕಾರವೊಂದು ಏರ್ಪಟ್ಟಿತು. ಆದರೆ ಆ ಸರ್ಕಾರಕ್ಕೆ ತನ್ನದೆನ್ನುವ ಸೈನ್ಯವೇ ಇರಲಿಲ್ಲ. ದೇಶದಲ್ಲಿ ಬಂದೂಕುಗಳಿಗೇನೂ ಕೊರತೆಯಿರಲಿಲ್ಲ. ಅವೆಲ್ಲ ಬೇರೆ ಬೇರೆ ಸೀಮೆಗಳ ದಳಪತಿಗಳ ಕೈಯಲ್ಲಿದ್ದುವು. ಆದಕಾರಣ ೨೦೦೨ ರಲ್ಲಿ ಪರರಾಷ್ಟ್ರಗಳವರು ಕೆಲಸವನ್ನು ತಮ್ಮ ತಮ್ಮೊಳಗೆ ಹಂಚಿಕೊಂಡರು. ಸೈನ್ಯವನ್ನು ಕಟ್ಟುವ ಹೊಣೆ ಅಮೇರಿಕೆಗೆ, ಪೊಲೀಸು ಪಡೆಯದು ಜರ್ಮನಿಗೆ, ನ್ಯಾಯಸ್ಥಾನಗಳದು ಇಟಲಿಗೆ, ಹಳೆಯ ಗುಂಪುಗಳ ಆಯುಧಗಳನ್ನು ಕೆಳಗಿಡಿಸುವುದು ಜಪಾನಿಗೆ, ಅಫೀಮಿನ ವ್ಯಾಪಾರವನ್ನು ಅಡಗಿಸುವುದು ಬ್ರಿಟನ್ನಿಗೆ ಎಂದಾಯಿತು. ಒಂದೇ ಅಡಿಗೆಯನ್ನು ಐದು ಒಲೆಗಳ ಮೇಲೆ ಐವರು ಬೇಯಿಸಹೊರಟಂತೆ ಆಯಿತು ಈ ಏರ್ಪಾಡು. ಪೊಲೀಸಿನವನು ಹಿಡಿದು ತಂದ ಅಪರಾಧಿಯನ್ನು ವಿಚಾರಿಸಲು ನ್ಯಾಯಾಧೀಶನಿಲ್ಲದಿದ್ದರೆ ಪೊಲೀಸಿನಿಂದ ಪ್ರಯೋಜನವೇನು?

ಆ ವರ್ಷದ ಕೊನೆಯಲ್ಲಿ ೭೦ ಸಾವಿರ ಜನರ ಸೈನ್ಯವು ಸಾಕೆಂದು ಗೊತ್ತುಮಾಡಿದರು. ಮೊದಮೊದಲು ಕೆಲಸವು ಮಂದಗತಿಯಿಂದ ಸಾಗಿತು. ೨೦೦೩ ರಲ್ಲಿ ಅಮೇರಿಕೆಯ ಲಕ್ಷ್ಯವೆಲ್ಲ ಇರಾಕಿನ ಯುದ್ಧದ ಕಡೆಗೆ ತಿರುಗಿತು. ದೇಶವು ಶಾಂತವಾಗಿದ್ದ, ಜನರಲ್ಲಿ ಉತ್ಸಾಹವಿದ್ದ ಆ ನಾಲ್ಕಾರು ವರ್ಷಗಳೇ ಸೈನ್ಯವನ್ನು ಸಾವಧಾನವಾಗಿ ಕಟ್ಟುವುದಕ್ಕೆ ತಕ್ಕ ಕಾಲವಾಗಿದ್ದಿತು. ಆ ಕಾಲವು ಕೈತಪ್ಪಿತು. ತಾಲಿಬಾನರು ಮರಳಿ ಬಲಗೊಂಡ ಮೇಲೆ ಅವಸರವು ಆರಂಭವಾಯಿತು. ೨೦೦೯ ನೆಯ ಡಿಸೆಂಬರ್ ೧ ರಂದು ಅಧ್ಯಕ್ಷ ಒಬಾಮಾ ಅವರು ಇನ್ನೂ ೩೦ ಸಾವಿರ ಅಮೇರಿಕನ್ ಸೈನಿಕರನ್ನು ಕಳುಹಿಸುವುದಾಗಿಯೂ, ೨೦೧೧ ನೆಯ ಜುಲೈ ತಿಂಗಳಿನಿಂದ ಅವರನ್ನು ಹಿಂದಕ್ಕೆ ಕರೆಯಿಸತೊಡಗುವುದಾಗಿಯೂ ಒಂದೇ ಭಾಷಣದಲ್ಲಿ ಸಾರಿದರು. ಮರುವರ್ಷ ಲಿಸ್ಬನ್ನಿನಲ್ಲಿ ಸೇರಿದ ಸಭೆಯಲ್ಲಿ, ೨೦೧೪ ರ ಕೊನೆಯೊಳಗಾಗಿ ಕಾವಲಿನ ಹೊಣೆಯೆಲ್ಲವನ್ನೂ ಆಫ್ಘನ್ನರಿಗೆ ಒಪ್ಪಿಸತಕ್ಕದ್ದೆಂದು ನಿಶ್ಚಯಿಸಲಾಯಿತು. ಸೈನ್ಯಕ್ಕೂ ಪೊಲೀಸಿಗೂ ಸೇರಿ ೩,೫೨,೦೦೦ ಜನರು ಬೇಕೆಂಬುದು ಹೊಸ ಲೆಕ್ಕ. ಹೊರಡುವ ದಿನವು ಮೊದಲು ಗೊತ್ತಾಗಿ, ಕೆಲಸವು ಆ ದಿನಕ್ಕೆ ತಕ್ಕಂತೆ ಓಡಬೇಕಾಯಿತು. ಮದುವೆಯ ಲಗ್ನವನ್ನು ನಿಶ್ಚಯಿಸಿದ ಬಳಿಕ ಮನೆಗೆ ತಳಪಾಯ ಹಾಕುವವರ ಅವಸ್ಥೆಯನ್ನು ವಾಚಕರು ಊಹಿಸಿಕೊಳ್ಳಬಹುದು. ಗೋಡೆಗಳೇನೋ ಎದ್ದುನಿಂತುವು, ಗಾರೆ ಒಣಗುವುದಕ್ಕೆ ಹೊತ್ತಿರಲಿಲ್ಲ.

ಸಿಪಾಯಿಗಳಾಗಲು ಬಂದವರಾದರೂ ಎಂಥವರು? ಬಹುಮಟ್ಟಿಗೆ ಹಳ್ಳಿಗಳ ಬಡ ತರುಣರು. ಮೂವತ್ತು ವರ್ಷಗಳ ಯುದ್ಧದಲ್ಲಿ ಪಾಠಶಾಲೆಗಳು ಮುಚ್ಚಿಹೋಗಿದ್ದುವು. ೨೦೦೯ ರಲ್ಲಿ ತರಬೇತಿನ ಹೊಣೆ ಹೊತ್ತವರು ಎಣಿಸಿ ನೋಡಿದಾಗ, ನೂರಕ್ಕೆ ಸುಮಾರು ೧೪ ಮಂದಿ ಮಾತ್ರ ಓದುಬರಹ ಬಲ್ಲವರಾಗಿದ್ದರು. ಅಕ್ಷರವಿಲ್ಲದವನು ಶೂರನಾಗಿರಲಾರನೆಂದು ಯಾರೂ ಹೇಳಲಾರರು. ಆದರೆ ಈಗಿನ ಕಾಲದ ಸೈನ್ಯದಲ್ಲಿ ಬಂದೂಕಿನ ನಂಬರನ್ನು ಓದಬೇಕು, ಉಗ್ರಾಣದ ಪಟ್ಟಿಯನ್ನು ಬರೆಯಬೇಕು, ನಕ್ಷೆಯನ್ನು ತಿಳಿಯಬೇಕು, ತನ್ನ ಸಂಬಳದ ಚೀಟಿಯಲ್ಲಿ ಎಷ್ಟು ಬರೆದಿದೆ, ತನ್ನ ಕೈಗೆ ಎಷ್ಟು ಬಂದಿದೆ ಎಂಬುದನ್ನು ತಾಳೆನೋಡಬೇಕು. ಓದಲಾರದ ಸಿಪಾಯಿಯನ್ನು ಅವನ ಮೇಲಧಿಕಾರಿಯೇ ಮೋಸಗೊಳಿಸಬಹುದಲ್ಲವೆ? ಆದುದರಿಂದ ಅಕ್ಷರಾಭ್ಯಾಸಕ್ಕಾಗಿಯೇ ೨೦ ಕೋಟಿ ಡಾಲರುಗಳ ಮೌಲ್ಯದ ಗುತ್ತಿಗೆಗಳನ್ನು ಕೊಟ್ಟರು. ಸಾವಿರಾರು ತರುಣರು ತಮ್ಮ ಹೆಸರನ್ನು ಮೊತ್ತಮೊದಲು ಬರೆಯಲು ಕಲಿತುದು ಸೈನ್ಯದ ಆ ಪಾಠಶಾಲೆಗಳಲ್ಲಿ. ಇದು ಆ ಉದ್ಯಮದಲ್ಲಿ ಮೆಚ್ಚತಕ್ಕ ಭಾಗ. ಆದರೆ ಕಲಿತವರಲ್ಲಿ ಬಹುಮಂದಿ ಸೈನ್ಯವನ್ನು ಬಿಟ್ಟುಹೋಗುತ್ತಿದ್ದರು. ಅವರ ಜಾಗಕ್ಕೆ ಮತ್ತೆ ಅಕ್ಷರವಿಲ್ಲದವರು ಬರುತ್ತಿದ್ದರು. ತೂತಿನ ಕೊಡಕ್ಕೆ ನೀರು ತುಂಬಿದಂತೆ ವರ್ಷ ವರ್ಷವೂ ಹೊಸಬರನ್ನು ತುಂಬಬೇಕಾಗುತ್ತಿದ್ದಿತು.

ಇನ್ನು ಸಾಮಗ್ರಿಯ ವಿಚಾರ. ಅಮೇರಿಕೆಯ ಸರ್ಕಾರವು ಈ ವೆಚ್ಚಗಳನ್ನು ಪರಿಶೋಧಿಸುವುದಕ್ಕಾಗಿ ಒಬ್ಬ ವಿಶೇಷ ಅಧಿಕಾರಿಯನ್ನು ನೇಮಿಸಿದ್ದಿತು. ಆ ಕಚೇರಿಯವರು ತಮ್ಮ ಸರ್ಕಾರದ ಲೋಪಗಳನ್ನು ಮುಚ್ಚಿಡದೆ ಪ್ರಕಟಿಸಿದುದು ಶ್ಲಾಘನೀಯ. ಅವರ ವರದಿಗಳಿಂದ ಎರಡು ಸಂಗತಿಗಳನ್ನು ಇಲ್ಲಿ ಹೇಳಬಹುದು. ಆಫ್ಘನ್ ಸೈನಿಕರಿಗೆಂದು ಆರಿಸಿದ ಸಮವಸ್ತ್ರದ ಮೇಲೆ ದಟ್ಟವಾದ ಅರಣ್ಯದಲ್ಲಿ ಅಡಗಲು ಅನುಕೂಲವಾಗುವ ಹಸುರು ಚಿತ್ತಾರವಿದ್ದಿತು. ಆಫ್ಘಾನಿಸ್ಥಾನದ ನೆಲದಲ್ಲಿ ನೂರಕ್ಕೆ ಎರಡು ಪಾಲಿನಷ್ಟು ಮಾತ್ರ ಕಾಡು! ಅಲ್ಲಿಯ ಅಂದಿನ ರಕ್ಷಣಾಮಂತ್ರಿಗಳು ಆ ಮಾದರಿಯನ್ನು ಮೆಚ್ಚಿದರೆಂಬ ಕಾರಣದಿಂದ, ಬೇರೆ ಮಾದರಿಗಿಂತ ೨ ಕೋಟಿ ೮೦ ಲಕ್ಷ ಡಾಲರುಗಳಷ್ಟು ಹೆಚ್ಚಾಗಿ ತೆತ್ತು ಅದನ್ನೇ ಹೊಲಿಸಿದರೆಂದು ೨೦೧೭ ರ ವರದಿ ತಿಳಿಸುತ್ತದೆ. ಎರಡನೆಯದು, ಸಾಮಾನು ಸಾಗಿಸಲೆಂದು ೫೪ ಕೋಟಿ ೯೦ ಲಕ್ಷ ಡಾಲರುಗಳ ವೆಚ್ಚದಲ್ಲಿ ತರಿಸಿದ ೨೦ ಹಳೆಯ ಇಟಾಲಿಯನ್ ವಿಮಾನಗಳು. ಬಿಡಿಭಾಗಗಳು ದೊರೆಯದೆ ಅವು ನೆಲ ಹಿಡಿದುವು. ಕಟ್ಟಕಡೆಗೆ ಅವುಗಳಲ್ಲಿ ೧೬ ವಿಮಾನಗಳನ್ನು ಕಾಬೂಲಿನಲ್ಲಿ ಹಳೆಯ ಲೋಹದ ದರಕ್ಕೆ ಮಾರಿಬಿಟ್ಟರು.

ಇವು ದುಂದಿನ ಕಥೆಗಳಾಯಿತು. ಇದಕ್ಕಿಂತ ಆಳವಾದ ತಪ್ಪೊಂದಿದ್ದಿತು. ಆಫ್ಘನ್ ವಿಮಾನಪಡೆಯ ಯಂತ್ರಜ್ಞರಿಗೆ ರಷ್ಯಾದಲ್ಲಿ ತಯಾರಾದ 'ಎಂ.ಐ.-೧೭' ಎಂಬ ಹೆಲಿಕಾಪ್ಟರುಗಳು ಬಹುಕಾಲದಿಂದ ಪರಿಚಿತವಾಗಿದ್ದುವು. ಅವುಗಳ ದುರಸ್ತಿಯ ಬಹುಭಾಗವನ್ನು ಅವರು ತಾವೇ ಮಾಡಿಕೊಳ್ಳುತ್ತಿದ್ದರು. ೨೦೧೭ ರಿಂದ ಅವುಗಳ ಬದಲಿಗೆ ಅಮೇರಿಕೆಯ 'ಬ್ಲ್ಯಾಕ್ ಹಾಕ್' ಹೆಲಿಕಾಪ್ಟರುಗಳನ್ನು ಕೊಡತೊಡಗಿದರು. ಅವು ಬಲು ಸೂಕ್ಷ್ಮವಾದ ಯಂತ್ರಗಳು. ಅವುಗಳ ಆರೈಕೆಯೆಲ್ಲ ಹೆಚ್ಚುಕಡಮೆ ಪರದೇಶದ ಗುತ್ತಿಗೆದಾರರ ಕೈಯಲ್ಲಿಯೇ ಉಳಿಯಿತು. ಬೆಟ್ಟಗುಡ್ಡಗಳ ಆ ದೇಶದಲ್ಲಿ ದೂರದ ಠಾಣೆಗಳಿಗೆ ಅನ್ನ, ಮದ್ದುಗುಂಡು, ಗಾಯಾಳುಗಳಿಗೆ ನೆರವು ಎಲ್ಲವೂ ಆಕಾಶಮಾರ್ಗದಿಂದಲೇ ಬರಬೇಕಾಗಿದ್ದಿತು. ಹೀಗಿರಲು, ಪರರಿಲ್ಲದೆ ಹಾರಲಾರದ ವಿಮಾನಗಳನ್ನೇ ನೆಚ್ಚಿದ ಸೈನ್ಯವು ಪರರು ಹೊರಟ ದಿನ ಏನಾಗಬೇಕು? ಕೊಡುವವನ ಅಂತಸ್ತಿಗೆ ತಕ್ಕ ಉಡುಗೊರೆಯು ಪಡೆಯುವವನ ಸಂಸಾರಕ್ಕೆ ಭಾರವಾಗುವುದನ್ನು ನಾವು ಮನೆಗಳಲ್ಲಿಯೂ ಕಾಣುತ್ತೇವಷ್ಟೆ.

ಮೂರನೆಯದಾಗಿ ಸಂಬಳ. ಸೈನ್ಯದ ವೆಚ್ಚದಲ್ಲಿ ಆಫ್ಘನ್ ಬೊಕ್ಕಸದಿಂದ ಬರುತ್ತಿದ್ದುದು ಅತ್ಯಲ್ಪ. ೨೦೧೨ ರಲ್ಲಿ ಷಿಕಾಗೋ ನಗರದ ಸಭೆಯಲ್ಲಿ ಮುಂದಿನ ವರ್ಷಗಳಿಗೆ ಹಾಕಿದ ಅಂದಾಜು ವರ್ಷಕ್ಕೆ ೪೧೦ ಕೋಟಿ ಡಾಲರು. ಆಫ್ಘನ್ ಸರ್ಕಾರವು ಅದರಲ್ಲಿ ೫೦ ಕೋಟಿಯನ್ನು ಹೊರಲಾರಂಭಿಸಲೆಂದು ಅಪೇಕ್ಷಿಸಿದರು. ಉಳಿದುದನ್ನೆಲ್ಲ ಪರರೇ ಕೊಡಬೇಕು. ಪರರ ಹಣಕ್ಕೆ ಲೆಕ್ಕ ಕೇಳುವವರು ದೂರದಲ್ಲಿದ್ದರೆ ಆಗುವುದೇ ಅಲ್ಲಿಯೂ ಆಯಿತು. ಹಾಜರಿಪಟ್ಟಿಯಲ್ಲಿ ಹೆಸರಿದೆ, ಸಂಬಳ ಎಣಿಸಿಯಾಗಿದೆ, ಆದರೆ ಆ ಸಿಪಾಯಿಯು ಇಲ್ಲವೇ ಇಲ್ಲ. ಇಂಥವರಿಗೆ 'ಪ್ರೇತ ಸೈನಿಕರು' ಎಂಬ ಹೆಸರು ಬಿದ್ದಿತು. ಅವರ ಸಂಬಳವು ಮೇಲಿನವರ ಜೇಬನ್ನು ಸೇರುತ್ತಿದ್ದಿತು. ಬೆರಳಚ್ಚು ಮೊದಲಾದ ಗುರುತುಗಳಿಂದ ನಿಜವಾದವರನ್ನೇ ಎಣಿಸುವ ಪದ್ಧತಿಯು ೨೦೧೯ ರಲ್ಲಿ ಬಂದಾಗ ಪಟ್ಟಿಯಿಂದ ಹತ್ತಾರು ಸಾವಿರ ಹೆಸರುಗಳು ಮಾಯವಾದುವು. ನೂರು ಮಂದಿ ಇದ್ದಾರೆಂದು ಬರೆದ ಠಾಣೆಯಲ್ಲಿ ಐವತ್ತೇ ಮಂದಿ ಇದ್ದರೆ, ಆ ಐವತ್ತು ಮಂದಿ ನೂರು ಮಂದಿಯ ಪಹರೆಯನ್ನು ಮಾಡಬೇಕು. ಸುಳ್ಳು ಲೆಕ್ಕದ ದಂಡವನ್ನು ಕೊನೆಗೆ ತೆತ್ತವನು ಬಡ ಸಿಪಾಯಿ.

ನಾಲ್ಕನೆಯದೂ ಅತಿ ಮುಖ್ಯವಾದುದೂ ಏನೆಂದರೆ, ವಿಶ್ವಾಸ. ಗುರುಶಿಷ್ಯರ ನಡುವೆ ಭಾಷೆಯ ಗೋಡೆ. ದುಭಾಷಿಯಿಲ್ಲದೆ ಒಂದು ಮಾತೂ ಸಾಗದು. ಕಲಿಸಲು ಬಂದವರು ವರ್ಷದೊಳಗೆ ತಮ್ಮೂರಿಗೆ ಮರಳುವರು. ಅವರ ಸ್ಥಾನಕ್ಕೆ ಬಂದವರು ಮೊದಲಿನಿಂದ ಆರಂಭಿಸುವರು. ೨೦೧೨ ರಲ್ಲಿ ಆಫ್ಘನ್ ಸಮವಸ್ತ್ರ ಧರಿಸಿದವರ ಗುಂಡಿಗೆ ೬೦ ಕ್ಕೂ ಮಿಕ್ಕ ಪರದೇಶದ ಸೈನಿಕರು ಬಲಿಯಾದರು. ಆ ಬಳಿಕ ಒಂದೇ ಬಿಡಾರದಲ್ಲಿದ್ದರೂ ಒಬ್ಬರನ್ನೊಬ್ಬರು ಸಂದೇಹದಿಂದ ನೋಡುವಂತಾಯಿತು. ಇತ್ತ ಹಳ್ಳಿಯ ಜನರಿಗೂ ತಮ್ಮ ಪೊಲೀಸಿನವರಲ್ಲಿ ನಂಬಿಕೆ ಅಷ್ಟಕ್ಕಷ್ಟೆ. ದಾರಿಯಲ್ಲಿ ಸುಂಕ ಕೀಳುವ ಪೇದೆಯೇ ಅನೇಕರಿಗೆ ಸರ್ಕಾರದ ಮುಖವಾಗಿದ್ದನು.

ಹೀಗಿದ್ದರೂ ಆ ಸೈನಿಕರು ಹೋರಾಡಲಿಲ್ಲವೆನ್ನುವುದು ಸತ್ಯಕ್ಕೆ ದೂರವಾದ ಮಾತು. ೨೦೧೩ ನೆಯ ಜೂನ್ ತಿಂಗಳಿನಲ್ಲಿ ದೇಶದ ಕಾವಲಿನ ಮುಂದಾಳುತನವು ಅವರ ಪಾಲಿಗೆ ಬಂದಿತು. ೨೦೧೪ ರ ಕೊನೆಯಲ್ಲಿ ಪರಸೈನ್ಯಗಳ ಯುದ್ಧಕಾರ್ಯವು ಮುಗಿದು, ಕಲಿಸುವುದಕ್ಕೂ ಸಲಹೆಗೂ ಕೆಲವು ಸಾವಿರ ಜನರು ಮಾತ್ರ ಉಳಿದರು. ಅಂದಿನಿಂದ ಸಾಯುವ ಸರದಿ ಆಫ್ಘನ್ನರದೇ. ೨೦೧೪ ರಲ್ಲಿ ತಾವು ಅಧಿಕಾರಕ್ಕೆ ಬಂದಂದಿನಿಂದ ತಮ್ಮ ಸೈನಿಕರೂ ಪೊಲೀಸಿನವರೂ ಸೇರಿ ೪೫ ಸಾವಿರ ಮಂದಿ ಮಡಿದಿರುವರೆಂದು ಅಧ್ಯಕ್ಷ ಅಷ್ರಫ್ ಘನಿಯವರು ೨೦೧೯ ನೆಯ ಜನವರಿಯಲ್ಲಿ ತಿಳಿಸಿದರು. ಇಪ್ಪತ್ತು ವರ್ಷಗಳಲ್ಲಿ ಮಡಿದ ಆಫ್ಘನ್ ಸೈನಿಕರ ಮತ್ತು ಪೊಲೀಸಿನವರ ಸಂಖ್ಯೆ ೬೬ ಸಾವಿರಕ್ಕೂ ಮಿಕ್ಕುದೆಂದು ವಿದ್ವಾಂಸರ ಅಂದಾಜು. ಅದೇ ಯುದ್ಧದಲ್ಲಿ ಮಡಿದ ಅಮೇರಿಕನ್ ಸೈನಿಕರು ಸುಮಾರು ೨,೪೦೦. ೬೬ ಸಾವಿರ ಮಂದಿ ಎಂದರೆ ೬೬ ಸಾವಿರ ಮನೆಗಳು. ಗಳಿಸುವ ಕೈಯನ್ನು ಕಳೆದುಕೊಂಡ ಅಷ್ಟು ಮಂದಿ ತಾಯಂದಿರನ್ನೂ ಮಡದಿಯರನ್ನೂ ಮಕ್ಕಳನ್ನೂ ನೆನೆದರೆ, ಹೇಡಿಗಳೆಂಬ ಮಾತು ನಾಲಗೆಗೆ ಬರುವುದು ಕಷ್ಟ.

ಅವರ ಧೈರ್ಯವು ಮುರಿದುದು ರಣರಂಗದಲ್ಲಿ ಅಲ್ಲ. ೨೦೨೦ ನೆಯ ಫೆಬ್ರುವರಿ ೨೯ ರಂದು ದೋಹಾ ನಗರದಲ್ಲಿ ಅಮೇರಿಕೆಗೂ ತಾಲಿಬಾನರಿಗೂ ಒಪ್ಪಂದವಾಯಿತು. ಹದಿನಾಲ್ಕು ತಿಂಗಳೊಳಗಾಗಿ ಪರಸೈನ್ಯಗಳೂ ಅವುಗಳೊಡನೆ ಗುತ್ತಿಗೆದಾರರೂ ತೆರಳಬೇಕೆಂದು ಅದರಲ್ಲಿ ಬರೆದಿದ್ದಿತು. ಯಾರ ಮನೆಯ ವಿಚಾರವೋ ಆ ಮನೆಯವರಾದ ಕಾಬೂಲಿನ ಸರ್ಕಾರದವರು ಆ ಒಪ್ಪಂದದಲ್ಲಿ ಪಕ್ಷಗಾರರೇ ಅಲ್ಲ. ಆದರೂ ೫ ಸಾವಿರದಷ್ಟು ತಾಲಿಬಾನ್ ಸೆರೆಯಾಳುಗಳನ್ನು ಬಿಡುವ ಹೊಣೆ ಅವರ ಮೇಲೆಯೇ ಬಿದ್ದಿತು. ೨೦೨೧ ನೆಯ ಏಪ್ರಿಲ್ ೧೪ ರಂದು ಅಧ್ಯಕ್ಷ ಬೈಡೆನ್ ಅವರು ಹೊರಡುವ ನಿಶ್ಚಯವನ್ನು ಸಾರಿದರು. ಗುತ್ತಿಗೆದಾರರು ಹೋದರು, ಹೆಲಿಕಾಪ್ಟರುಗಳು ನಿಂತುವು. ಕೆಲವು ಠಾಣೆಗಳಲ್ಲಿ ತಿಂಗಳುಗಟ್ಟಲೆ ಸಂಬಳವಿಲ್ಲ, ಮದ್ದುಗುಂಡಿಲ್ಲ, ಹೊಟ್ಟೆಗೂ ಸಾಲದು. ಜೂನ್ ತಿಂಗಳಿನಲ್ಲಿ ಫಾರ್ಯಾಬ್ ಪ್ರಾಂತದ ದೌಲತಾಬಾದಿನಲ್ಲಿ, ಬರಬೇಕಾದ ನೆರವು ಬಾರದೆ ಇಪ್ಪತ್ತಕ್ಕೂ ಮಿಕ್ಕ ಕಮಾಂಡೋ ಯೋಧರು ಕೊಲೆಯಾದರು. ಅತ್ಯುತ್ತಮರಿಗೇ ಈ ಗತಿಯಾದರೆ ತಮಗೇನು ಗತಿಯೆಂದು ಉಳಿದವರು ಯೋಚಿಸಿದುದರಲ್ಲಿ ಆಶ್ಚರ್ಯವೇನು? ಜುಲೈ ಮೊದಲಲ್ಲಿ ಅಮೇರಿಕನ್ನರು ಬಗ್ರಾಮಿನ ದೊಡ್ಡ ಬಿಡಾರವನ್ನು ರಾತ್ರಿಯ ವೇಳೆ ತೆರವುಮಾಡಿ ಹೋದರು. ಊರ ಹಿರಿಯರ ಮೂಲಕ ತಾಲಿಬಾನರು ಠಾಣೆಗಳಿಗೆ ಹೇಳಿಕಳುಹಿಸಿದರು: ಆಯುಧ ಕೆಳಗಿಟ್ಟು ಮನೆಗೆ ಹೋದರೆ ಪ್ರಾಣಕ್ಕೆ ಅಪಾಯವಿಲ್ಲವೆಂದು. ಒಂದು ಠಾಣೆ ಒಪ್ಪಿದುದನ್ನು ಕೇಳಿ ಇನ್ನೊಂದು ಒಪ್ಪಿತು. ಆಗಸ್ಟ್ ೬ ರಂದು ಮೊದಲ ಪ್ರಾಂತದ ಮುಖ್ಯಪಟ್ಟಣವಾದ ಜರಂಜ್ ಬಿದ್ದಿತು. ೧೫ ರಂದು ಘನಿಯವರು ದೇಶ ಬಿಟ್ಟರು, ತಾಲಿಬಾನರು ಕಾಬೂಲನ್ನು ಹೊಕ್ಕರು.

ಹಿಂದೆ ಇದೇ ದೇಶದಲ್ಲಿ ಇದೇ ನಾಟಕವು ಬೇರೊಂದು ವೇಷದಲ್ಲಿ ನಡೆದಿದ್ದಿತು. ೧೯೮೯ ನೆಯ ಫೆಬ್ರುವರಿ ೧೫ ರಂದು ಸೋವಿಯೆಟ್ ಸೈನ್ಯದ ಕೊನೆಯ ತುಕಡಿಯು ಅಮುದರಿಯಾ ನದಿಯ ಸೇತುವೆಯನ್ನು ದಾಟಿ ತೆರ್ಮೆಜ್ ಪಟ್ಟಣವನ್ನು ಸೇರಿತು. ಅವರು ಬಿಟ್ಟುಹೋದ ನಜೀಬುಲ್ಲಾರ ಸರ್ಕಾರವು ಕೆಲವೇ ತಿಂಗಳು ಬಾಳುವುದೆಂದು ಬಹುಮಂದಿ ಎಣಿಸಿದ್ದರು. ಆದರೆ ಆ ವಸಂತದಲ್ಲಿಯೇ ಜಲಾಲಾಬಾದನ್ನು ಮುತ್ತಿದ ವಿರೋಧಿಗಳನ್ನು ಆ ಸೈನ್ಯವು ತಡೆದು ನಿಲ್ಲಿಸಿ, ಮೂರು ವರ್ಷಗಳ ಕಾಲ ಉಳಿಯಿತು. ಸೈನಿಕರು ಹೋದರೂ ಹಣ, ಗೋದಿ, ಇಂಧನ, ಮದ್ದುಗುಂಡುಗಳು ಬರುತ್ತಲೇ ಇದ್ದುವೆಂಬುದೇ ಅದರ ಗುಟ್ಟು. ೧೯೯೧ ರ ಕೊನೆಯಲ್ಲಿ ಸೋವಿಯೆಟ್ ಒಕ್ಕೂಟವೇ ಒಡೆದು ಆ ನೆರವು ನಿಂತಿತು. ೧೯೯೨ ನೆಯ ಏಪ್ರಿಲಿನಲ್ಲಿ ಆ ಸರ್ಕಾರ ಉರುಳಿತು. ದಕ್ಷಿಣ ವಿಯೆಟ್ನಾಮಿನ ಕಥೆಯೂ ಇಂಥದೇ. ಅಲ್ಲಿಂದ ಅಮೇರಿಕನ್ ಸೈನ್ಯವು ೧೯೭೩ ನೆಯ ಮಾರ್ಚಿಯಲ್ಲಿ ತೆರಳಿತು. ಮರುವರ್ಷ ಅಮೇರಿಕೆಯು ಹಣದ ನೆರವನ್ನು ಕಡಮೆಮಾಡಿತು. ೧೯೭೫ ನೆಯ ಏಪ್ರಿಲ್ ೩೦ ರಂದು ಸೈಗಾನ್ ಬಿದ್ದಿತು.

ಹಾಗಾದರೆ ಪರರು ಹೊರಟ ಬಳಿಕವೂ ನಿಂತ ಸೈನ್ಯಗಳೇ ಇಲ್ಲವೆ? ಇವೆ, ನಮ್ಮದೇ ಒಂದು ಉದಾಹರಣೆ. ಭಾರತೀಯರನ್ನು ಅಧಿಕಾರಿಗಳನ್ನಾಗಿ ಮಾಡುವ ಕೆಲಸವನ್ನು ಬ್ರಿಟಿಷರು ೧೯೧೮ ರ ಸುಮಾರಿಗೆ, ಅದೂ ಒಲ್ಲದ ಮನಸ್ಸಿನಿಂದ, ಆರಂಭಿಸಿದರು. ಇಂದೂರಿನಲ್ಲಿ ತರಬೇತು ಹೊಂದಿದ ಆ ಮೊದಲ ತಂಡದಲ್ಲಿ ಕೊಡಗಿನ ಕಾರಿಯಪ್ಪನವರೊಬ್ಬರು. ೧೯೩೨ ರಲ್ಲಿ ಡೆಹರಾಡೂನಿನ ಸೈನಿಕ ವಿದ್ಯಾಲಯವು ತೆರೆಯಿತು. ೧೯೪೮ ನೆಯ ಫೆಬ್ರುವರಿ ೨೮ ರಂದು ಬ್ರಿಟಿಷರ ಕೊನೆಯ ಪಟಾಲಮು ಮುಂಬಯಿಯಿಂದ ಹಡಗು ಹತ್ತಿತು. ೧೯೪೯ ನೆಯ ಜನವರಿ ೧೫ ರಂದು ಕಾರಿಯಪ್ಪನವರು ಸೈನ್ಯದ ಮಹಾದಂಡನಾಯಕರಾದರು. ಒಬ್ಬ ಸೇನಾಪತಿಯು ಹಣ್ಣಾಗಲು ಮೂವತ್ತು ವರ್ಷಗಳು ಹಿಡಿದುವು. ಅಲ್ಲದೆ ಆ ಸೈನ್ಯಕ್ಕೆ ಸಂಬಳವು ನಮ್ಮ ಬೊಕ್ಕಸದಿಂದಲೇ ಬರುತ್ತಿದ್ದಿತು. ಜನರು ತಮ್ಮದೆಂದು ಒಪ್ಪಿದ ಸರ್ಕಾರವೊಂದು ಅದರ ಬೆನ್ನಿಗಿದ್ದಿತು. ಹಾಗೆಂದು ನಾವು ಬೀಗಬೇಕಾದುದೂ ಇಲ್ಲ. ಅವಸರದ ನಿರ್ಗಮನದ ಬೆಲೆಯನ್ನು ೧೯೪೭ ರಲ್ಲಿ ಪಂಜಾಬಿನ ಲಕ್ಷಾಂತರ ಕುಟುಂಬಗಳು ತೆತ್ತುವು. ಅಲ್ಲಿಯ ಗಡಿಯನ್ನು ಕಾಯಲೆಂದು ಆಗಸ್ಟಿನಲ್ಲಿ ನಿಯಮಿಸಿದ ವಿಶೇಷ ಪಡೆಯು ತಿಂಗಳೊಂದರಲ್ಲಿಯೇ ವಿಸರ್ಜನೆಯಾಯಿತು. ಕೊಲೆಗಳನ್ನು ತಡೆಯಲು ಅದಕ್ಕೆ ಸಾಧ್ಯವಾಗಲಿಲ್ಲ.

ಇವೆಲ್ಲವುಗಳಿಂದ ಹೊರಡುವ ಸಾರವಿಷ್ಟು. ಬಂದೂಕನ್ನು ಒಂದು ದಿನದಲ್ಲಿ ಕೊಡಬಹುದು. ಗುರಿಯಿಡುವುದನ್ನು ಕೆಲವು ವಾರಗಳಲ್ಲಿ ಕಲಿಸಬಹುದು. ಪ್ರಾಮಾಣಿಕನಾದ ಉಗ್ರಾಣಿಯನ್ನೂ ತನ್ನ ಜನರ ಹಸಿವನ್ನು ವಿಚಾರಿಸುವ ಅಧಿಕಾರಿಯನ್ನೂ ಬೆಳಸುವುದಕ್ಕೆ ಒಂದು ತಲೆಮಾರು ಬೇಕು. ತಮ್ಮ ಸರ್ಕಾರದಲ್ಲಿ ಜನರಿಗಿರುವ ನಂಬಿಕೆಯನ್ನಂತೂ ಪರರು ತಂದುಕೊಡಲಾರರು.

ಕಾಬೂಲ್ ಬಿದ್ದ ಆ ದಿನಗಳಲ್ಲಿ ಆಫ್ಘನ್ ವೈಮಾನಿಕರು ಅನೇಕರು ತಮ್ಮ ವಿಮಾನಗಳೊಡನೆ ಗಡಿ ದಾಟಿ, ಹಿಂದೆ ಸೋವಿಯೆಟ್ ಸೈನ್ಯವು ಸೇರಿದ್ದ ಆ ತೆರ್ಮೆಜಿನಲ್ಲಿಯೇ ಇಳಿದರು. ಡೆಹರಾಡೂನಿನಲ್ಲಿ ಕಲಿಯುತ್ತಿದ್ದ ಆಫ್ಘನ್ ತರುಣರಿಗೆ, ತಾವು ಹೋಗಿ ಸೇರಬೇಕಾಗಿದ್ದ ಸೈನ್ಯವೇ ಇಲ್ಲವಾಯಿತೆಂಬ ವಾರ್ತೆ ಬಂದಿತು. ಹೋಗಲು ಎಲ್ಲಿಯೂ ದಾರಿಯಿಲ್ಲದವರು ಸಮವಸ್ತ್ರವನ್ನು ಸುಟ್ಟು, ಕಾಗದಪತ್ರಗಳನ್ನು ಹೂತು ಮನೆಗಳಲ್ಲಿ ಅಡಗಿದರು. ಹೊಸ ಆಳರಸರು ಎಲ್ಲರಿಗೂ ಕ್ಷಮೆಯೆಂದು ಸಾರಿದರು. ಆದರೆ ೨೦೨೩ ನೆಯ ಜೂನ್ ಕೊನೆಯವರೆಗೆ ಹಳೆಯ ಸರ್ಕಾರದ ನೌಕರರೂ ಸೈನಿಕರೂ ಸೇರಿ ಕಡಮೆಪಕ್ಷ ೨೧೮ ಮಂದಿ ವಿಚಾರಣೆಯಿಲ್ಲದೆ ಕೊಲ್ಲಲ್ಪಟ್ಟರೆಂದು ವಿಶ್ವಸಂಸ್ಥೆಯವರು ಲೆಕ್ಕವಿಟ್ಟರು. ಒಂದು ದೇಶಕ್ಕೆ ಸೈನ್ಯವನ್ನು ಕಟ್ಟಿಕೊಡುವೆವೆಂದು ಮುಂದೆ ಯಾರು ಹೊರಟರೂ, ವೆಚ್ಚದ ಪಟ್ಟಿಯಲ್ಲಿ ಬಂದೂಕು ವಿಮಾನಗಳ ಬೆಲೆಯೊಡನೆ ಈ ಮನೆಗಳನ್ನೂ ಮೊದಲೇ ಎಣಿಸಿಕೊಳ್ಳುವುದು ಲೇಸು.